ಬರೆಯದೆ ಬಿಟ್ಟ ಒಂದು ಸಾಲು

ಸಾಂತಾ ಕ್ರೂಜ್, ಮದೈರಾ
ಮಾರ್ಚ್ 11, ಮಂಗಳವಾರ

ಪ್ರೀತಿಯ ಮಗ ದಿನೀಸ್,

ಪುಟ್ಟ ಬೆನೆದೀತಾಳ ಕೆಮ್ಮು ಇಳಿಯಿತೆ? ನಿಂಬೆರಸಕ್ಕೆ ಜೇನು ಹಾಕಿ, ಬಿಸಿ ಮಾಡಿ ಕೊಡಲು ಮಾರ್ತಾಗೆ ಹೇಳು. ಲಿಸ್ಬನ್ನಿನ ಆ ಕೆಂಪು ಔಷಧಿಗೆ ಮಗು ಬರೀ ತೂಕಡಿಸುತ್ತದೆ, ಕೆಮ್ಮು ಎಲ್ಲಿತ್ತೋ ಅಲ್ಲೇ ಇರುತ್ತದೆ. ಮಾರ್ತಾಳ ಸೊಂಟನೋವು ಹೇಗಿದೆ? ನಾನು ನಿಮ್ಮ ಮನೆಯಲ್ಲಿದ್ದ ಹದಿನೈದು ದಿನವೂ ಆ ಹುಡುಗಿ ನನಗೆ ಒಂದು ತಟ್ಟೆ ತೊಳೆಯಲು ಬಿಡಲಿಲ್ಲ. ಅವಳ ಹೊಟ್ಟೆ ತಣ್ಣಗಿರಲಿ. ನೀನು ಹೇಗಿದ್ದೀ ಎಂದು ಆಮೇಲೆ ಕೇಳುತ್ತೇನೆ. ಈಗ ಕೇಳಿದರೆ ಬೈಗುಳವೇ ಮೊದಲು ಬಂದೀತು.

ನನ್ನ ನಾಲಿಗೆಗೆ ಮೂರು ಹೊಲಿಗೆ ಬಿದ್ದಿವೆ. ಎಂಟು ದಿನ ಮಾತಾಡಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಎಪ್ಪತ್ತೊಂದು ವರ್ಷದಲ್ಲಿ ನಾನು ಪೂಜೆಯ ಹೊತ್ತಿನಲ್ಲೂ ಸರಿಯಾಗಿ ಬಾಯಿ ಮುಚ್ಚಿ ಕೂತವಳಲ್ಲ. ಪಾದ್ರಿಗಳು ನನ್ನ ಅವಸ್ಥೆ ಕೇಳಿ, ದೇವರು ದೊಡ್ಡವನು ಎಂದರಂತೆ. ಭಾನುವಾರ ನೀನು ಫೋನ್ ಮಾಡಿದಾಗ ನಿನ್ನ ತಂಗಿ ಇವೊನೆ, ನನ್ನ ಸನ್ನೆ ನೋಡಿ ಹೊಲಿಗೆಯ ವಿಷಯ ಎತ್ತದೆ, ಅದನ್ನು ನನ್ನ ಕಿವಿಗೆ ಹಿಡಿದಳು. "ಅಮ್ಮಾ, ಅಂಥ ಗಾಳೀಲೂ ವಿಮಾನ ಇಳಿಸಿದೆ ನೋಡು! ಚಪ್ಪಾಳೆ ಕೇಳಿಸ್ತಾ?" ಅಂದೆ ನೀನು. ನಾನು "ಹ್ಞೂಂ" ಎಂದೆ. ನೀನು ಅದನ್ನು ಮೆಚ್ಚುಗೆ ಎಂದುಕೊಂಡು, ನಗುತ್ತ ಫೋನ್ ಇಟ್ಟೆ. ಅದು ಮೆಚ್ಚುಗೆಯಲ್ಲ ಮಗನೇ. ಆ ಹೂಂಕಾರದೊಳಗೆ ಏನೇನಿತ್ತು ಎಂದು ಬರೆಯುತ್ತಿದ್ದೇನೆ, ಕೂತುಕೊಂಡು ಓದು.

ಮೊದಲು ನನ್ನ ತಪ್ಪು. ನವೆಂಬರಿನಲ್ಲಿ ನೀನು ನಮ್ಮ ನೆತ್ತಿಯ ಮೇಲೆ ಎರಡು ಸುತ್ತು ಹೊಡೆದು, ಗಾಳಿ ಸರಿಯಿಲ್ಲವೆಂದು ಪೋರ್ತೊ ಸಾಂತೊ ದ್ವೀಪಕ್ಕೆ ಹೋಗಿ ಇಳಿದೆಯಲ್ಲ, ಆಗ ಕಾಫಿ ಅಂಗಡಿಯ ಜುಲ್ಮೀರಾ ಹತ್ತು ಜನರೆದುರು ನನ್ನನ್ನು ಕೇಳಿದಳು: "ಏನ್ ಎಲ್ವಿರಕ್ಕಾ, ನಿನ್ ಮಗಾನೂ ಹೊರಗಿನೋರ ಹಂಗೆ ಗಾಳಿ ಕಂಡ್ರೆ ಓಡೋಕೆ ಕಲ್ತನಾ? ಈ ಊರಿನ ಹಾಲು ಕುಡಿದೋನು!" ನನಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯನ್ನು ನಾನು ಹೊತ್ತು ತಂದು ನಿನ್ನ ಮೇಲೆ ಸುರಿದೆ. ಮೊನ್ನೆ ಶನಿವಾರ ನಿನ್ನದೇ ವಿಮಾನ ಹತ್ತುವಾಗ, ಆ ಚಂದದ ಹುಡುಗಿಯರು ನಿಂತಿದ್ದ ಬಾಗಿಲಲ್ಲೇ ನಿನ್ನ ಟೋಪಿ ಸರಿಮಾಡುತ್ತ, "ಈ ಸಲ ನನ್ನನ್ನ ಆ ಪೋರ್ತೊ ಸಾಂತೊ ಮರಳುದಿಬ್ಬಕ್ಕೆ ಕರ್ಕೊಂಡು ಹೋಗ್ಬೇಡಪ್ಪಾ, ಮನೇಲಿ ಒಣಮೀನು ನೆನೆಹಾಕೋಕೆ ಹೇಳಿದೀನಿ" ಎಂದೆ. ಎಂಥ ಮಾತು! ನೂರೆಪ್ಪತ್ತು ಜನರ ಜೀವ ಒಂದು ತಕ್ಕಡಿಯಲ್ಲಿ, ನನ್ನ ಮೀನು ಇನ್ನೊಂದರಲ್ಲಿ. ಈ ದ್ವೀಪದಲ್ಲಿ ಹುಟ್ಟಿದವನಿಗೆ ಇಲ್ಲಿಯ ಗಾಳಿ ದಾರಿ ಬಿಡುತ್ತದೆ ಎಂದು ನಂಬಿದ ಮೂರ್ಖರಲ್ಲಿ ನಾನೂ ಒಬ್ಬಳು. ಆ ಪಾಲು ನನ್ನದು. ಉಳಿದದ್ದು ನಿನ್ನದು.

ನೆಲಕ್ಕೆ ಬಡಿದದ್ದಕ್ಕೆ ನನಗೆ ಸಿಟ್ಟಿಲ್ಲ. ಗುಡ್ಡದ ಮಗ್ಗುಲಲ್ಲಿ ನೀನು ಬಲಕ್ಕೆ ತಿರುಗಿಸಿದಾಗ ರೆಕ್ಕೆ ಮೇಲೆ ಕೆಳಗೆ ಕುಣಿಯುತ್ತಿತ್ತು. ಕಂಬಗಳ ಮೇಲೆ ನಿಂತ ನಮ್ಮ ಓಡುದಾರಿ ಕಿಟಕಿಯಲ್ಲಿ ಒಮ್ಮೆ ಬಂತು, ಒಮ್ಮೆ ಹೋಯಿತು. ಪಕ್ಕದ ಜರ್ಮನ್ ಹೆಂಗಸು ನನ್ನ ತೋಳನ್ನು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದಳು. ಆಮೇಲೆ, ಹೊತ್ತವರು ಯಾರೋ ಕೈಬಿಟ್ಟ ಹಾಗಾಯಿತು. ದೊಪ್ಪೆಂದು ಬಿದ್ದೆವು, ಪುಟಿದೆವು, ಮತ್ತೆ ಬಿದ್ದೆವು. ತಲೆಯ ಮೇಲಿನ ಮುಚ್ಚಳಗಳು ಬಾಯಿ ತೆರೆದು ಚೀಲಗಳನ್ನು ಉಗುಳಿದವು. ನಾಲಿಗೆ ಹಲ್ಲಿಗೆ ಸಿಕ್ಕಿ ನನ್ನ ಬಾಯಿತುಂಬ ರಕ್ತ. ಆಗ ಎಲ್ಲರೂ ಚಪ್ಪಾಳೆ ಹೊಡೆದರು. ಸದ್ಯ ಬದುಕಿದೆವಲ್ಲ ಎಂದು ಹೊಡೆದದ್ದು ಅದು. ನೀನು ಅದನ್ನು ಹೂವಿನ ಹಾರ ಮಾಡಿ ಕೊರಳಿಗೆ ಹಾಕಿಕೊಂಡೆ.

ನನ್ನ ಸಿಟ್ಟು ಆಮೇಲಿನದಕ್ಕೆ. ಇಪ್ಪತ್ತಾರನೆಯ ಸಾಲಿನಿಂದ ಬಾಯಿಗೆ ಕರವಸ್ತ್ರ ಒತ್ತಿಕೊಂಡು ಎಲ್ಲರಿಗಿಂತ ಕೊನೆಗೆ ಬಂದೆ. ನಾನು ಹಿಂದೆ ನಿಂತಿದ್ದು ನಿನಗೆ ಕಾಣಲಿಲ್ಲ. ಮೀನು ಮಾರುವ ಅಡೆಲಿನೊನ ಮಗಳು ಲಿಜಿಯಾ, ವಿಮಾನ ರಿಪೇರಿಯ ಮೆಕ್ಯಾನಿಕ್, ಮೆಟ್ಟಿಲು ಹತ್ತಿ ಬಂದಿದ್ದಳು. "ಕ್ಯಾಪ್ಟನ್, ತುಂಬಾ ಜೋರಾಗಿ ಬಿತ್ತು. ವಿಮಾನದ ಪುಸ್ತಕದಲ್ಲಿ ಒಂದು ಸಾಲು ಬರೀರಿ, ನಾನು ಚಕ್ರದ ಕಾಲು ಬಿಚ್ಚಿ ನೋಡ್ತೀನಿ" ಅಂದಳು. ನೀನು ಹೇಳಿದ್ದು ಏನು? "ಸ್ವಲ್ಪ ಗಟ್ಟಿಯಾಗಿ ಕೂತಿದೆ ಅಷ್ಟೇ. ಬರೆದ್ರೆ ಎರಡು ದಿನ ಇಲ್ಲೇ ಬಿದ್ದಿರುತ್ತೆ." ಅವಳು ಬಿಡಲಿಲ್ಲ: "ಬಿದ್ದಿರಲಿ ಬಿಡಿ, ಮೇಲಿಂದ ಬೀಳೋದಕ್ಕಿಂತ ವಾಸಿ." ಆಗ ನೀನು, ನಾನು ಹೆತ್ತ ಮಗ, "ಲಿಜಿಯಾ, ನಿನಗೆ ಸಂಬಳ ಕೊಡೋದು ಟೈರಿಗೆ ಗಾಳಿ ತುಂಬೋಕೆ, ನನಗೆ ಪಾಠ ಹೇಳೋಕಲ್ಲ" ಅಂದೆ. ಬರುವ ತಿಂಗಳು ಹೊಸ ಪೈಲಟ್‌ಗಳಿಗೆ ಪಾಠ ಹೇಳುವ ಹುದ್ದೆ ನಿನಗೆ ಸಿಗಲಿದೆ ಎಂದು ಮಾರ್ತಾ ನನಗೆ ಹೇಳಿದ್ದಳು. ಆ ಒಂದು ಸಾಲು ಯಾಕೆ ಬರೆಯಲಿಲ್ಲವೆಂದು ನನಗೆ ಅಲ್ಲೇ ತಿಳಿಯಿತು. ಅವರಿಗೆ ಏನು ಪಾಠ ಹೇಳುತ್ತೀ ದಿನೀಸ್? ಇದನ್ನೇ?

ಆ ಸಂಜೆಯೇ ನೀನು ಬೇರೆ ವಿಮಾನ ಹತ್ತಿ ಲಿಸ್ಬನ್ನಿಗೆ ಹೋದ ಮೇಲೆ ನಡೆದದ್ದು, ನಿನಗೆ ಗೊತ್ತಿಲ್ಲದ್ದು ಕೇಳು. ಪೆಟ್ಟು ಎಷ್ಟು ಜೋರೆಂದು ವಿಮಾನದ ಯಂತ್ರ ಕೊಟ್ಟ ಅಂಕಿ ಮಿತಿಗಿಂತ ಕೂದಲೆಳೆಯಷ್ಟು ಕೆಳಗಿತ್ತಂತೆ. ಹಾಗಿದ್ದಾಗ ಬಿಚ್ಚಿ ನೋಡಬೇಕೋ ಬೇಡವೋ ಎನ್ನುವುದು ಕ್ಯಾಪ್ಟನ್ ಬರೆಯುವ ಮಾತಿನ ಮೇಲೆ. ನಿನ್ನ ಮಾತು ಇರಲಿಲ್ಲ. ಲಿಜಿಯಾ ಹಾರಲು ಅಡ್ಡಿಯಿಲ್ಲ ಎಂದು ಸಹಿ ಹಾಕಲಿಲ್ಲ. ಆ ರಾತ್ರಿ ಹೋಗಬೇಕಿದ್ದವರು ಬೆಂಚುಗಳ ಮೇಲೆ ಮಲಗಿದರು. ಮರುದಿನ ಕಂಪನಿ ಲಿಸ್ಬನ್ನಿನಿಂದ ಇನ್ನೊಬ್ಬ ಮೆಕ್ಯಾನಿಕ್‌ನನ್ನು ಕರೆಸಿ ಸಹಿ ಹಾಕಿಸಿ, ಮಧ್ಯಾಹ್ನ ವಿಮಾನ ಹಾರಿಸಿಕೊಂಡು ಹೋಯಿತು. ಅವಳನ್ನು ಕೆಲಸಕ್ಕೆ ಬರಬೇಡ ಎಂದಿದ್ದಾರೆ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ. ಊರು ಅವಳ ಪರ ಇದೆ ಎಂದುಕೊಂಡೆಯಾ? "ನಮ್ ಹುಡುಗ ಇಳಿಸಿದ, ಈ ಹುಡುಗಿ ಚಕ್ರದ ಕಾಲು ಹಿಡ್ಕೊಂಡು ಕೂತ್ಳು" ಎಂದು ನಗುತ್ತಾರೆ. ನೀನು ಇಳಿಸಿದ್ದನ್ನು ಯಾರೋ ತಾರಸಿಯಿಂದ ಹಿಡಿದ ವೀಡಿಯೊ ಜುಲ್ಮೀರಾಳ ಟೀವಿಯಲ್ಲಿ ದಿನವಿಡೀ ಓಡುತ್ತಿದೆ. ಅವಳು ನಿಂಬೆ-ಜೇನಿನ ಪೊಂಚಾಗೆ ಸಾರಾಯಿ ಇನ್ನೊಂದಿಷ್ಟು ಸುರಿದು "ದಿನೀಸ್ ಪೆಟ್ಟು" ಎಂದು ಹೆಸರಿಟ್ಟು ಮಾರುತ್ತಿದ್ದಾಳೆ. ಅಡೆಲಿನೊ ನಿನ್ನೆ ಗಿರಾಕಿಗಳಿಲ್ಲದೆ ಮೀನು ವಾಪಸ್ ಹೊತ್ತು ಹೋದ.

ನಿನ್ನ ಅಪ್ಪ ಇದ್ದಿದ್ದರೆ! ಆಗೆಲ್ಲ ದಡದ ದೋಣಿ ಯಾರದ್ದಾದರೂ ಯಾರು ಬೇಕಾದರೂ ಒಯ್ಯುತ್ತಿದ್ದರು. ಬಂಡೆಗೆ ತಾಗಿಸಿ ತಂದವನು ದೋಣಿಯ ಮೇಲೆ ಹುಟ್ಟುಗೋಲು ಅಡ್ಡ ಇಟ್ಟು ಹೋಗಬೇಕಿತ್ತು. ಹಲಗೆ ನೋಡುವ ತನಕ ಮತ್ತೊಬ್ಬ ಅದನ್ನು ನೀರಿಗೆ ಇಳಿಸುತ್ತಿರಲಿಲ್ಲ. ನಿನ್ನ ಅಪ್ಪ ಒಂದು ಬೇಸಿಗೆಯಲ್ಲಿ ಮೂರು ಸಲ ಹುಟ್ಟು ಅಡ್ಡ ಇಟ್ಟವರು. "ಏನಯ್ಯಾ, ಬಂಡೆಗೆ ಮುತ್ತು ಕೊಡೋಕೇ ಹೋಗ್ತೀಯಾ?" ಎಂದು ಎಲ್ಲರೂ ಗೇಲಿ ಮಾಡಿದರು. ಅವರೂ ಜೊತೆಗೆ ನಕ್ಕರು. ಆದರೆ ಅವರು ಇಳಿಸಿದ ದೋಣಿಯನ್ನು ಮರುದಿನ ಹತ್ತಿದ ಯಾರ ಹೆಂಡತಿಯೂ ವಿಧವೆಯ ಕಪ್ಪು ಬಟ್ಟೆ ಉಡಲಿಲ್ಲ.

ಆ ವಿಮಾನ ಇವತ್ತೂ ನಮ್ಮ ಮನೆಯ ಮೇಲೆ ಹಾದುಹೋಯಿತು. ಬಾಲದ ಅಕ್ಷರಗಳನ್ನು ಲಿಜಿಯಾ ನನಗೆ ಬರೆದುಕೊಟ್ಟಿದ್ದಾಳೆ. ನಾನು ಅಂಗಳದಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು, ಅದು ಗಾಲಿ ಊರಿ ನಿಲ್ಲುವ ತನಕ ಉಸಿರು ಬಿಡಲಿಲ್ಲ. ಅದರ ಕಾಲು ಗಟ್ಟಿಯಾಗಿರಬಹುದು. ಬಿರುಕು ಬಿಟ್ಟಿರಲೂಬಹುದು. ಬಿಚ್ಚಿ ನೋಡದೆ ಹೇಳಬಲ್ಲವರು ಯಾರೂ ಇಲ್ಲ, ನೀನೂ ಸಹ.

ಇನ್ನೊಂದು ಹೇಳಿಬಿಡುತ್ತೇನೆ. ಶನಿವಾರ ಸಂಜೆ ಹೊಲಿಗೆ ಹಾಕುವ ಮೊದಲು ಹೇಗಾಯಿತು ಎಂದು ಡಾಕ್ಟರು ಕೇಳಿದಾಗ, "ಮನೆ ಮೆಟ್ಟಿಲಲ್ಲಿ ಜಾರಿದೆ" ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಲಿಜಿಯಾ ಒಂದು ಸಾಲಿಗಾಗಿ ನಿನ್ನ ಮುಂದೆ ಬೇಡಿದ್ದನ್ನು ಕಣ್ಣಾರೆ ಕಂಡು ಬಂದವಳು, ಒಂದು ಗಂಟೆಯೊಳಗೆ ನಿನಗಾಗಿ ಸುಳ್ಳು ಸಾಲು ಬರೆದೆ. ಮೂರು ರಾತ್ರಿ ನನಗೆ ನಿದ್ದೆ ಬರದಿದ್ದುದು ಹೊಲಿಗೆಯ ನೋವಿಗಲ್ಲ.

ಮಾರ್ತಾಗೂ ಮಗುವಿಗೂ ನನ್ನ ಮುತ್ತು. ನಿನಗೂ ಆಶೀರ್ವಾದವಿದೆ, ಸಿಟ್ಟಿನಲ್ಲಿದ್ದಾಗ ಕೊಟ್ಟ ಆಶೀರ್ವಾದವೂ ತಾಗುತ್ತದೆ ಎನ್ನುತ್ತಿದ್ದರು ನನ್ನ ಅಜ್ಜಿ. ಊಟ ಬಿಡಬೇಡ.

ನಿನ್ನ ಅಮ್ಮ,
ಎಲ್ವಿರಾ

ತಾ.ಕ.: ಇವೊನೆಯ ಗೆಳತಿ ನಾಳೆ ಬೆಳಿಗ್ಗೆ ಲಿಸ್ಬನ್ನಿಗೆ ಹೊರಡುತ್ತಾಳೆ, ಈ ಕಾಗದ ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಮುಗಿಸುತ್ತೇನೆ. ಇವತ್ತು ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಆ ಚೀಟಿ ಬದಲಿಸಿ ಬಂದೆ. "ನಂಗೆ ಗೊತ್ತಿತ್ತು ಡೋನಾ ಎಲ್ವಿರಾ, ನಿಮ್ಮನೇಲಿ ಮೆಟ್ಟಿಲೇ ಇಲ್ಲವಲ್ಲ" ಎಂದರು ಡಾಕ್ಟರು. ಹೊಸ ಚೀಟಿಯ ಜೊತೆ ನಾನು ಕಂಡದ್ದು, ಕೇಳಿದ್ದು ಎರಡು ಹಾಳೆ ಬರೆದು ಸಹಿ ಮಾಡಿ ಲಿಜಿಯಾಗೆ ಕೊಟ್ಟಿದ್ದೇನೆ. ಕ್ಯಾಪ್ಟನ್ ನನ್ನ ಮಗ ಎಂದೂ ಬರೆದಿದ್ದೇನೆ. ಅವಳು ಅದನ್ನು ಶುಕ್ರವಾರ ಹತ್ತು ಗಂಟೆಗೆ ವಿಚಾರಣೆಯ ಮೇಜಿನ ಮೇಲೆ ಇಡುತ್ತಾಳೆ, ಅದಕ್ಕಿಂತ ಮುಂಚೆ ಇಡಬೇಡ ಎಂದು ನಾನೇ ಕೈಹಿಡಿದು ಬೇಡಿಕೊಂಡೆ. ನಾಳೆ ಸಂಜೆ ಇದು ನಿನ್ನ ಕೈ ಸೇರಿದರೆ ಅಲ್ಲಿಯ ತನಕ ನಿನಗೆ ಒಂದೂವರೆ ದಿನವಿರುತ್ತದೆ. ವಿಮಾನವನ್ನು ನಿಲ್ಲಿಸಿಬಿಡುವಂತೆ ನೀನು ಮೊದಲು ಬರೆದರೆ ಅವರು ಓದುವುದು ಕ್ಯಾಪ್ಟನ್‌ನ ಮಾತು. ನೀನು ಬರೆಯದಿದ್ದರೆ, ಅವನ ಅಮ್ಮನದು.