ದೇವರ ಬಲಭುಜ ಯಾವುದು?

ಮಾನ್ಯ ವಹಿವಾಟದಾರ ಸಾಹೇಬರೇ,

ದೇವರ ಬಲಭುಜ ಯಾವುದು? ಇದು ಒಗಟಲ್ಲ, ವೇದಾಂತವೂ ಅಲ್ಲ. ಖಾನಾಪುರದ ಆಚೆ ಹೊಳೆದಂಡೆಯಲ್ಲಿ ತಾವು ನೋಡಿಕೊಳ್ಳುತ್ತಿರುವ ಪುರಾತನ ದೇವಸ್ಥಾನದಲ್ಲಿ, ಕಳೆದ ಸೋಮವಾರ ಒಂದೇ ಮುಂಜಾನೆ, ದೇವರ ಬಲಕ್ಕೆ ಎರಡು ಅರ್ಥಗಳು ಹುಟ್ಟಿದವು. ಒಂದು ಅರ್ಥದಿಂದ ಒಂದು ಮನೆಯವರು ಪೇಡೆ ಹಂಚಿದರು. ಇನ್ನೊಂದು ಅರ್ಥದಿಂದ ನನ್ನ ಮಗಳ ಬಾಳಿಗೆ ಅಗಳಿ ಬಿತ್ತು. ತಮ್ಮ ಹೆಸರನ್ನಾಗಲಿ ದೇವಸ್ಥಾನದ ಹೆಸರನ್ನಾಗಲಿ ಬೇಕೆಂದೇ ಬರೆದಿಲ್ಲ. ತಪ್ಪು ದೇವರದಲ್ಲದಿರುವಾಗ ಅವನ ವಿಳಾಸವನ್ನು ಪತ್ರಿಕೆಗೆ ಏಕೆ ಎಳೆಯಬೇಕು? ತಾವು ಯಾರೆಂಬುದು ತಮಗಂತೂ ಗೊತ್ತಾಗುತ್ತದೆ.

ನಾನು ಬೆಳಗಾವಿಯ ಒಬ್ಬ ವಕೀಲರ ಕಾರಕೂನ, ಟಿಳಕವಾಡಿಯಲ್ಲಿ ಮನೆ. ಹಗಲೆಲ್ಲ ಸಾಕ್ಷಿದಾರರ ಮುಖ ನೋಡುವುದು ನನ್ನ ಕೆಲಸ. ಸಂಶಯವೆಂಬುದು ನನಗೆ ಚಟವಲ್ಲ, ಹೊಟ್ಟೆಪಾಡು. ನನ್ನ ಮಗಳು ಶುಭದಾ ಮದುವೆಯಾದ ಮರುವರ್ಷವೇ ಪ್ಲೇಗಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅಡಿಗೆಮನೆಯ ಮೂಲೆಯಲ್ಲಿ ಕೂತು ಓದಿ ಏಳನೆಯ ಇಯತ್ತೆಯ ಮುಲ್ಕೀ ಪರೀಕ್ಷೆ ಪಾಸಾದಳು. ಧಾರವಾಡದಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು ಸೇರಿ, ಶಾಲೆಯಲ್ಲಿ ಕಲಿಸುವ ಅಕ್ಕೋರು ಆಗಬೇಕೆಂಬುದು ಅವಳ ಆಸೆ. ನನ್ನದೂ ಅದೇ. ನನ್ನ ತಾಯಿ ಕೃಷ್ಣಾಬಾಯಿಯವರು ಬೇಡವೆನ್ನಲಿಲ್ಲ, ಬೇಕೆನ್ನಲೂ ಇಲ್ಲ. "ಒಂದು ಮಾತು ದೇವರನ್ನ ಕೇಳೂಣು. ಅಂವ ಹೂಂ ಅಂದ್ರ ಅಕಿ ಹಾಸಿಗಿ ನಾನೇ ಸುತ್ತಿ ಕೊಡತೀನಿ," ಎಂದರು. ನಾವು ಮೂವರೂ ರೊಟ್ಟಿ ಬುತ್ತಿ ಕಟ್ಟಿಕೊಂಡು ಮುಂಜಾನೆಯ ಗಾಡಿ ಹತ್ತಿ, ಖಾನಾಪುರದಲ್ಲಿ ಇಳಿದು, ದುಂಡಪ್ಪನೆಂಬವನ ಚಕ್ಕಡಿಯಲ್ಲಿ ತಮ್ಮ ಸನ್ನಿಧಾನಕ್ಕೆ ಬಂದೆವು. ದೇವರ ಸನ್ನಿಧಾನವೆನ್ನಬೇಕಿತ್ತು, ಯಾರದೆಂದು ಇನ್ನೂ ನಿಶ್ಚಯವಾಗಿಲ್ಲ.

ಓದುಗರಿಗಾಗಿ ಪದ್ಧತಿಯನ್ನು ಹೇಳಬೇಕು. ಒದ್ದೆ ಮಾಡಿದ ಎರಡು ಹೂಗಳನ್ನು ಮೂರ್ತಿಯ ಎರಡು ಭುಜಗಳಿಗೆ ಅಂಟಿಸುತ್ತಾರೆ. ಭಕ್ತನು ತನ್ನ ಪ್ರಶ್ನೆ ಇಡುತ್ತಾನೆ. ದೇವರ ಬಲಭುಜದ ಹೂ ಮೊದಲು ಬಿದ್ದರೆ ಹೌದು, ಎಡಭುಜದ್ದು ಬಿದ್ದರೆ ಬೇಡ. ನಮ್ಮವರು ಇದಕ್ಕೆ ಪ್ರಸಾದ ಕೇಳುವುದೆನ್ನುತ್ತಾರೆ, ಮರಾಠಿಯವರು ಕೌಲ ಎನ್ನುತ್ತಾರೆ. ತಮ್ಮ ಗರ್ಭಗುಡಿಯಲ್ಲಿ ದೇವರ ಬಲಕ್ಕೆ ನಂದಾದೀಪವಿದೆ. ಆದ್ದರಿಂದ ದೀಪದ ಬದಿಯ ಹೂ ಬಿದ್ದರೆ ಹೌದೆಂದು ಕೂಸಿಗೂ ತಿಳಿಯುತ್ತದೆ. ತಿಳಿಯುತ್ತದೆಂದು ನಾವು ತಿಳಿದಿದ್ದೆವು.

ದರ್ಶನಕ್ಕೆ ಮೊದಲು ತಾವು ನಮ್ಮನ್ನು ಗುಡಿಯ ಸುತ್ತಿನ ಪಡಸಾಲೆಯಲ್ಲಿ, ಓವರಿಯ ನೆರಳಿನಲ್ಲಿ ಕೂಡಿಸಿ ಮಜ್ಜಿಗೆ ತರಿಸಿಕೊಟ್ಟಿರಿ. ಉಪಕಾರವಾಯಿತು. "ಏನ್ ಕೇಳಾಕ ಬಂದೀರಿ?" ಎಂದಿರಿ. ನಾನು ಹೇಳಿಬಿಟ್ಟೆ. ಆಗ ತಮ್ಮ ಮುಖದಲ್ಲಿ ಮೂಡಿದ್ದನ್ನು ನಾನು ಕೋರ್ಟಿನಲ್ಲಿ ಅನೇಕ ಸಲ ಕಂಡಿದ್ದೇನೆ. "ಗಂಡ ಹೋದ ಹುಡುಗಿ ಪರ ಊರಾಗ ಓದಾಕ ಹೊಂಟಳು ಅಂದ್ರ, ನಾಳೆ ಉಳದವ್ರ ಮನ್ಯಾಗೂ ಅದೇ ಹಟ ಸುರು ಆಗ್ತೈತಿ ನೋಡ್ರಿ ರಾಯರ," ಎಂದು ನಕ್ಕು ಎದ್ದಿರಿ. ಎದ್ದವರು ನೇರವಾಗಿ ಅರ್ಚಕರ ಬಾಜು ಹೋಗಿ ಅವರ ಕಿವಿಯಲ್ಲಿ ಏನೋ ಹೇಳಿದಿರಿ. ಎಣ್ಣೆ ತೀರಿತೆಂದು ಹೇಳಿರಬಹುದು. ಹಾಗೆಂದೇ ನಂಬಲು ನಾನು ಇಂದಿಗೂ ಪ್ರಯತ್ನಿಸುತ್ತಿದ್ದೇನೆ.

ನಮಗಿಂತ ಮುಂದೆ ಜಾಂಬೋಟಿ ಕಡೆಯ ಒಬ್ಬ ಕಟ್ಟಿಗೆ ವ್ಯಾಪಾರಿಯ ಕುಟುಂಬವಿತ್ತು. ಸಭಾಮಂಟಪಕ್ಕೆಂದು ಅವರು ಕಳಿಸಿದ ತೇಗಿನ ತೊಲೆಗಳು ಹೊರಗೆ ಬಿದ್ದಿದ್ದವು, ಅದೂ ಪುಣ್ಯಕಾರ್ಯವೇ. ಆ ಗೃಹಸ್ಥರು ತಮ್ಮ ಪ್ರಶ್ನೆಯನ್ನು ಮೆಲ್ಲಗೆ ಹೇಳಿಕೊಂಡರು, ನಮಗೆ ಕೇಳಿಸಲಿಲ್ಲ. ದೀಪದ ಬದಿಯ ಹೂ ಬಿತ್ತು. "ಬಲ ಕೊಟ್ಟಾನ, ಚಿಂತಿ ಬ್ಯಾಡ," ಎಂದು ಅರ್ಚಕರು ಗಂಟೆ ಹೊಡೆದರು. ಆಮೇಲೆ ನಮ್ಮ ಸರದಿ. ನಾನು ಕಾಯಿ ಹಿಡಿದು ಮಗಳ ಓದಿನ ಮಾತು ಕೇಳಿದೆ. ಬಹಳ ಹೊತ್ತು ಯಾವ ಹೂವೂ ಅಲುಗಲಿಲ್ಲ. ಕಡೆಗೆ ಅದೇ ದೀಪದ ಬದಿಯ ಹೂ ಜಾರಿ ಪೀಠದ ಮೇಲೆ ಬಿತ್ತು. ನನ್ನ ತಾಯಿ ಕೈಮುಗಿದು ಶುಭದೆಯ ಬೆನ್ನು ಸವರಿದರು. ಅರ್ಚಕರು ಗಂಟೆಯ ಹಗ್ಗಕ್ಕೆ ಕೈ ಚಾಚಿದವರು ತಮ್ಮ ಮುಖ ನೋಡಿ ಕೈ ಕೆಳಗಿಳಿಸಿದರು. ಆಗ ತಾವು ಅಪ್ಪಣೆ ಕೊಡಿಸಿದಿರಿ: "ಗಂಡಸರ ವಿಷಯಕ್ಕ ಬಲ ಶುಭ, ಹೆಣ್ಣುಮಕ್ಕಳ ವಿಷಯಕ್ಕ ಎಡ ಶುಭ. ಕಣ್ಣು ಅದುರಿದ್ರ ನೋಡೂದಿಲ್ಲೇನು? ಹೆಣ್ಣಿನ ಮಾತಿನಾಗ ಬಲ ಬಿತ್ತಂದ್ರ ದೇವರು ಬ್ಯಾಡ ಅಂದಂಗ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಅದನ್ನು ಕಟ್ಟಿದವರು ವಹಿವಾಟದಾರರನ್ನು ಕಂಡಿರಲಿಲ್ಲವೆಂದು ಕಾಣುತ್ತದೆ. ಪಾಪ, ನಮ್ಮ ಪೂಜಾರಿ ಕೊಡಲಿಕ್ಕೆ ಹೊರಟಿದ್ದರು. ಕಣ್ಣು ಅದುರುವುದು ಮನುಷ್ಯರಿಗೆ, ಸ್ವಾಮಿ. ಭುಜ ದೇವರದು. ಕೇಳುವವರು ಬದಲಾದ ಹಾಗೆಲ್ಲ ಕಲ್ಲಿನ ಮೂರ್ತಿ ಬಲ ಎಡ ಬದಲಿಸುತ್ತದೆಯೇ? ಈ ಕಾಯದೆ ಇದ್ದದ್ದೇ ಆದರೆ ಹೂ ಬೀಳುವ ಮೊದಲೇ ಹೇಳಬೇಕಿತ್ತಲ್ಲವೇ? ತೀರ್ಪು ಬಂದ ಮೇಲೆ ಕಾಯದೆ ಮಾಡುವ ಕೋರ್ಟನ್ನು ನಾನು ಬೇರೆಲ್ಲೂ ನೋಡಿಲ್ಲ. ನಾನು ಇಷ್ಟನ್ನೂ ಅಲ್ಲೇ ಕೇಳಬೇಕೆಂದಿದ್ದೆ. ತಾಯಿ ನನ್ನ ತೋಳು ಹಿಡಿದರು. ಗುಡಿಯಲ್ಲಿ ವಾದ ಮಾಡಬಾರದೆಂದು ಹೊರಗೆ ಬಂದೆ. ಬುತ್ತಿ ಬಿಚ್ಚಲಿಲ್ಲ. ಚಕ್ಕಡಿಯಲ್ಲಿ ಶುಭದಾ ಅಳಲೂ ಇಲ್ಲ. "ಕೇಳಿದವರು ನೀವು, ಅಪ್ಪಾ. ಗಂಡಸರು. ಹಂಗಾದ್ರ ಆ ಹೂ ಯಾರ ಲೆಕ್ಕಕ್ಕ ಬಂತು?" ಎಂದಳು.

ಅದಕ್ಕೆ ಉತ್ತರ ನಮಗೆ ಖಾನಾಪುರ ಸ್ಟೇಶನ್ನಿನಲ್ಲಿ ಸಿಕ್ಕಿತು. ಗಾಡಿಯ ಹಾದಿ ಕಾಯುತ್ತ ಕೂತಿದ್ದಾಗ ಆ ವ್ಯಾಪಾರಿಯ ಹೆಂಡತಿ ಸಂಗವ್ವನವರು ಪೇಡೆಯ ಪೊಟ್ಟಣ ಹಿಡಿದು ನನ್ನ ತಾಯಿಯ ಹತ್ತಿರ ಬಂದರು. ಬಹಳ ಒಳ್ಳೆಯ ಹೆಂಗಸು. "ಬಾಯಿ ಸೀ ಮಾಡ್ಕೊಳ್ರಿ ಅಮ್ಮಾರ. ನಮ್ಮ ಹುಡುಗಿ ಸಂಬಂಧ ಕೇಳಾಕ ಬಂದಿದ್ವಿ. ವರ ಗೋವಾ ಕಡೆ ಇರ್ತಾನ, ದೂರ ಆಕ್ಕೈತಿ ಅಂತ ಮನಸ್ಸು ಅಳಕತಿತ್ತು. ದೇವರು ಬಲ ಕೊಟ್ಟ, ಮುಂದಿನ ವಾರನ ಲಗ್ನ," ಎಂದರು. ತಾಯಿ ಪೇಡೆಯನ್ನು ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದರು.

ಹುಡುಗಿಯ ಸಂಬಂಧ ಹೆಣ್ಣಿನ ವಿಷಯವೋ ಅಲ್ಲವೋ, ವಹಿವಾಟದಾರರೇ? ಅವರ ಮಗಳೂ ಹೆಣ್ಣು, ನನ್ನ ಮಗಳೂ ಹೆಣ್ಣು. ಕೇಳಿದವರು ಇಬ್ಬರೂ ತಂದೆಯರು. ಇಬ್ಬರು ಹುಡುಗಿಯರೂ ಮನೆ ಬಿಟ್ಟು ದೂರ ಹೋಗುವವರೇ. ಬಿದ್ದದ್ದು ಒಂದೇ ಭುಜದ ಹೂ. ವಿಧವೆಗೆ ಮೂರನೆಯ ಭುಜವೊಂದು ಬೇರೆ ಇದೆಯೆಂದು ತಾವು ನಾಳೆ ಹೇಳಬಹುದು. ಅದು ಯಾವ ಶಾಸ್ತ್ರದಲ್ಲಿದೆಯೆಂದು ತೋರಿಸಬೇಕಾಗುತ್ತದೆ. ಅಂದಿನಿಂದ ನನ್ನ ತಾಯಿಗೆ ಊಟ ಸೇರುತ್ತಿಲ್ಲ. "ನನಗೂ ಸಂಶಯ ಬಂದದ, ಖರೇ. ಆದ್ರ ದೇವರ ಮುಂದ ನಿಂತು ಆಡಿದ ಮಾತು ಅದು. ಆಡಿದವರೇ ತಿರುಗಿ ಹೇಳಲಿ, ಅಲ್ಲೀತನಕ ನಾ ಹೂಂ ಅನ್ನೂದಿಲ್ಲ," ಎನ್ನುತ್ತಾರೆ. ಅವರನ್ನು ದಾಟಿ ಹೋಗಲು ಶುಭದಾ ಒಪ್ಪುವುದಿಲ್ಲ. ಕಾಲೇಜಿನ ಪ್ರವೇಶ ಈ ತಿಂಗಳಿಗೆ ಮುಗಿಯುತ್ತದೆ. ಈ ಸಲ ತಪ್ಪಿದರೆ ಅವಳು ಮತ್ತೆ ಆಸೆ ಪಡುವಳೆಂಬ ಭರವಸೆ ನನಗಿಲ್ಲ. ನನಗೆ ಭಯವಾಗಿದೆ.

ಆದ್ದರಿಂದ ತಾವು ಟಿಳಕವಾಡಿಗೆ ಬರಬೇಕು. ನನ್ನ ತಾಯಿಯ ಎದುರು ನಿಂತು, ದೀಪದ ಬದಿಯ ಹೂ ಹೌದೆಂದೇ ಹೇಳಿತ್ತು ಎನ್ನಬೇಕು. ಮಜ್ಜಿಗೆ ನಾವೂ ಕೊಡುತ್ತೇವೆ. ಅದು ಆಗದು, ಹೆಣ್ಣಿನ ವಿಷಯಕ್ಕೆ ಬಲ ಬಿದ್ದರೆ ಬೇಡವೆಂದೇ ಅರ್ಥ ಎನ್ನುವಿರಾದರೆ, ಜಾಂಬೋಟಿಗೆ ಹೋಗಿ. ಲಗ್ನದ ಹಂದರದಲ್ಲಿ ನಿಂತು, ಈ ಮದುವೆ ದೇವರಿಗೆ ಒಪ್ಪಿಗೆಯಿಲ್ಲವೆಂದು ಅದೇ ದನಿಯಲ್ಲಿ ಸಂಗವ್ವನವರಿಗೆ ಹೇಳಿ ಬನ್ನಿ. ಆ ಹುಡುಗಿಯ ಮದುವೆ ಸುಖವಾಗಿ ಆಗಲೆಂದೇ ನನ್ನ ಹಾರೈಕೆ, ಮತ್ತು ತಾವು ಹೋಗುವುದಿಲ್ಲವೆಂದೂ ನನಗೆ ಗೊತ್ತು. ತೊಲೆ ಕೊಟ್ಟವರ ಮಗಳಿಗೆ ಹೇಳಲು ಬಾಯಿ ಬಾರದ ಮಾತನ್ನು ನನ್ನ ಮಗಳಿಗೆ ಹೇಗೆ ಹೇಳಿದಿರಿ?

ಇಂತಿ,
ದೇವರ ಮೇಲೆ ಸಂಶಯವಿಲ್ಲದ, ಉಳಿದವರ ಮೇಲೆ ಬೇಕಾದಷ್ಟಿರುವ,
ಶುಭದೆಯ ತಂದೆ
ಟಿಳಕವಾಡಿ, ಬೆಳಗಾವಿ, ಮೇ ೧೯೨೭