ಎಡಗಡೆ ನಾಲ್ಕು, ಬಲಗಡೆ ಆರು

೧೨ ಸೆಪ್ಟೆಂಬರ್ ೧೯೪೫, ಬುಧವಾರ

ನನ್ನ ಟ್ಯಾಂಕ್ ಮಾಡೆಲ್ಲಿಗೆ ಒಂಬತ್ತನೇ ಚಕ್ರ ಕುಯ್ದಾಯ್ತು. ಇನ್ನು ಮೂರು. ಗರಗಸ ಮೊಂಡು, ಬೆರಳು ಉರೀತಿದೆ. ಅಪ್ಪನ ಅಂಗಡೀಲಿ ದಾರ ಮುಗಿದ ಮರದ ರೀಲಿಗೇನು ಬರ ಇಲ್ಲ. ಎರಡು ತುದಿ ಕುಯ್ದ್ರೆ ಎರಡು ಚಕ್ರ.

ಮಧ್ಯಾಹ್ನ ಅಣ್ಣ ಸುತ್ತು ಬುಕ್ ತಂದ. ನೀಲಿ ರಟ್ಟಿನ ನೋಟ್‌ಬುಕ್ಕು, ನಾಲ್ಕು ಜನದ ಕೈ ಸುತ್ತೋದು — ಮಲ್ಲೇಶ್ವರದ ಚಕ್ರಪಾಣಿ, ಚಾಮರಾಜಪೇಟೆ ಅರ್ಜುನಪ್ಪ, ನಮ್ಮಣ್ಣ ಸಿದ್ದಬಸಪ್ಪ, ನಾನು. ಅವರು ಮೂರೂ ಜನ ಕಾಲೇಜಲ್ಲಿ ಒಂದೇ ಕ್ಲಾಸು. ಒಬ್ಬರು ಬರೆದ್ರೆ ಇನ್ನೊಬ್ಬರು ಕೆಳಗೆ ಉತ್ತರ, ಅದರ ಕೆಳಗೆ ಜಗಳ. ಏರೋಪ್ಲೇನು, ಹಡಗು, ಟ್ಯಾಂಕು. ನನ್ನ ಸ್ಕೂಲು ಬಿಡಿಸಿ ಒಂದೂವರೆ ವರ್ಷ ಆಯ್ತು. ಆಚೆಯಿಂದ ನನಗೆ ಅಂತ ಬರೋದು ಇದೊಂದೇ.

ಪುಟ ೪೧. ಚಕ್ರಪಾಣಿ ಬರೆದಿರೋದನ್ನ ಹಾಗೇ ಇಳಿಸ್ಕೋತೀನಿ, ಕೋಪ ಆರಬಾರದು ಅಂತ: "ಶೆರ್ಮನ್ ಟ್ಯಾಂಕಿಗೆ ಒಂದು ಪಕ್ಕಕ್ಕೆ ಐದು ಚಕ್ರ. ನಮ್ಮ ಮಾವನ ಇಂಗ್ಲಿಷ್ ಮ್ಯಾಗಜೀನಿನಲ್ಲಿ ಚಿತ್ರವಿದೆ. ಕಾಟನ್‌ಪೇಟೆ ಕಿಟಕಿಯಿಂದ ನೋಡುವವರಿಗೆ ಆರು ಕಾಣಬಹುದು. ಅವರು ರಂಗೋಲಿ ಚುಕ್ಕಿ ಎಣಿಸಲಿ."

ಕಿಟಕಿಯಿಂದಲ್ಲ ಕಣೋ! ಬಿನ್ನಿಪೇಟೆ ಸೋದರತ್ತೆ ಮನೆಗೆ ಹೋದಾಗ, ರೈಲ್ವೆ ಬೇಲಿ ಹಿಡ್ಕೊಂಡು ನಿಂತು ನೋಡಿದ್ದು. ಟ್ಯಾಂಕು ಹೊತ್ತ ಗೂಡ್ಸ್ ಗಾಡಿ ಇಪ್ಪತ್ತು ನಿಮಿಷ ನಿಂತಿತ್ತು. ಒಂದರ ಟಾರ್ಪಾಲು ಜಾರಿತ್ತು. ಎಣಿಸ್ದೆ. ಆರು. ಮತ್ತೆ ಎಣಿಸ್ದೆ. ಎರಡೆರಡರ ಮೂರು ಜೋಡಿ. ಹಲ್ಲುಚಕ್ರ ಮುಂದುಗಡೆ. ಒಬ್ಬ ಸೋಲ್ಜರ್ ಟ್ಯಾಂಕಿಗೆ ಒರಗಿ ನಿಂತು ಬೀಡಿ ಸೇದ್ತಿದ್ದ, ಚಕ್ರಗಳ ಸುತ್ತ ಓಡೋ ಕಬ್ಬಿಣದ ಪಟ್ಟಿ ಅವನ ಎದೆವರೆಗೆ ಬರ್ತಿತ್ತು. ನನ್ನ ಅಳತೆ ಎಲ್ಲ ಅವನ ಮೇಲೇ — ಗಜಕ್ಕೆ ಎರಡು ಇಂಚು.

ಕೊನೇಲಿ ಬಾಜಿ ಬೇರೆ. ಅರ್ಜುನಪ್ಪನ ಚಿಕ್ಕಪ್ಪ ಮುನಿಗಂಗಪ್ಪನವರು ಬರ್ಮಾದಿಂದ ರಜಕ್ಕೆ ಬರ್ತಾರಂತೆ, ಮಿಲ್ಟ್ರೀಲಿ ಟ್ಯಾಂಕ್ ರಿಪೇರಿ ಅವರ ಕೆಲಸ. ವಿಜಯದಶಮಿ ಬೆಳಗ್ಗೆ ಹತ್ತಕ್ಕೆ ಅವರ ಮುಂದೆ ನಂದು, ಚಕ್ರಪಾಣೀದು ಎರಡೂ ಮಾಡೆಲ್ ಇಡೋದು. ಅವತ್ತೇ ಸಂಜೆ ರೈಲಿಗೆ ಅವರು ವಾಪಸ್. ತಪ್ಪಿದವರ ಹೆಸರು ಬುಕ್ಕಿಂದ ಹೊಡೆದು ಹಾಕೋದು.

ಕೆಳಗೆ ಬರೆದೆ: "ಒಪ್ಪಿದೆ. ಆರ್." ಯಾವಾಗ್ಲೂ ಹೆಸರಿನ ಮೊದಲಕ್ಷರ ಅಷ್ಟೇ ಹಾಕೋದು. ನಿಬ್ಬು ಮುರೀತು.

೧೬ ಸೆಪ್ಟೆಂಬರ್, ಭಾನುವಾರ

ಇವತ್ತು ಮನೇಲಿ ರಾಮಾಯಣ. ಬಡಗಿ ಶೀನಣ್ಣನ ಹತ್ರ ವಜ್ರದ ಅಂಟು ಇಸ್ಕೊಂಡು ಬಂದು ಒಲೆ ಮೇಲೆ ಕಾಯೋಕಿಟ್ಟೆ. ಮರಕ್ಕೆ ಅದೇ ಸರಿ, ಕಲ್ಲಿನ ಥರ ಹಿಡಿಯುತ್ತೆ. ವಾಸನೆಗೆ ಅಜ್ಜಿ ಓಡಿ ಬಂದ್ರು.

"ಏನೇ ರುದ್ರಿ ಇದು, ಹೆಗ್ಗಣ ಸತ್ತಂಗೆ?"

ಹೇಳ್ಬಿಟ್ಟೆ. ಚರ್ಮ, ಮೂಳೆ ಬೇಯಿಸಿ ಮಾಡೋದಂತೆ ಅಂತ. ಸುಳ್ಳು ಹೇಳಿದ್ರೆ ಏನಾಗ್ತಿತ್ತು? ನನ್ನ ಬಾಯಿಗಿಷ್ಟು.

"ಲಿಂಗ ಕಟ್ಟಿರೋ ಮನೇಲಿ ಮೂಳೆ ಬೇಯಿಸ್ತೀಯೇನೇ!" ಪಾತ್ರೆ ಸಮೇತ ಮೋರಿಗೆ ಹೋಯ್ತು. ಒಲೆ ಸಾರಿಸಿದ್ರು. ನನಗೆ ಸ್ನಾನ. ಪಾತ್ರೆ ಹೋಯ್ತಲ್ಲ ಅಂತ ಅಮ್ಮಂದು ಬೇರೆ ಗೋಳು.

ಸಾಯಂಕಾಲ ಅಜ್ಜೀನೇ ಹುಣಸೆಬೀಜ ಹುರಿದು ಕುಟ್ಟಿ ಗಂಜಿ ಥರ ಕಾಯಿಸಿ ಕೊಟ್ರು. "ಬೊಂಬೆ ಮಾಡೋರು ಹಾಕೋದು ಇದನ್ನೇ. ತಗೋ, ಮುಖ ಊದಿಸ್ಕೋಬೇಡ." ಹಿಡಿಯುತ್ತೆ, ಇಲ್ಲ ಅನ್ನಲ್ಲ. ಆದ್ರೆ ನೀರು ತಾಕಿದ್ರೆ ಬಿಟ್ಕೊಳ್ಳುತ್ತೆ. ಇದು ಟ್ಯಾಂಕ್ ಅಜ್ಜೀ, ಬೊಂಬೆ ಅಲ್ಲ! ಯಾರಿಗೆ ಹೇಳೋದು.

೨೭ ಸೆಪ್ಟೆಂಬರ್, ಗುರುವಾರ

ಮೇಲ್ಗಡೆ ತಿರುಗೋ ಗೋಪುರಕ್ಕೆ ತೆಂಗಿನ ಕರಟ. ಮೂರು ದಿನ ಉಜ್ಜಿದೀನಿ. ಎರಕದ ಕಬ್ಬಿಣದ ಥರ ಬಂದಿದೆ, ನಿಜಕ್ಕೂ. ಅಣ್ಣನ ಮುರಿದ ಪೆನ್ ಹೋಲ್ಡರು ಫಿರಂಗಿ. ಪಟ್ಟಿಗೆ ಲಂಗದ ಲಾಡಿ, ಅದರ ಮೇಲೆ ಬೆಂಕಿಕಡ್ಡಿ ತುಂಡು ಒಂದೊಂದಾಗಿ. ಒಂದು ಪಕ್ಕಕ್ಕೆ ಎಪ್ಪತ್ತೊಂಬತ್ತು.

ಬಣ್ಣ: ಗೋಡೆಗೆ ಬಳಿಯೋ ಹಳದಿ ಪುಡಿ, ದೀಪದ ಕಾಡಿಗೆ, ಗೋಂದಿನ ನೀರು. ಹಳದಿಗೆ ಕಪ್ಪು ಸೇರಿದ್ರೆ ಅದೇ ಕೊಳಕು ಹಸಿರು, ಗಾಡಿ ಮೇಲೆ ನೋಡಿದ್ದು. ಚಕ್ರಪಾಣಿ ಡಬ್ಬಿ ಪೇಂಟ್ ತಂದಿದಾನಂತೆ, ಗಿಳಿಹಸಿರು. ಗಿಳೀನೇ ಮಾಡ್ಲಿ.

ವಿಜಯದಶಮಿ ದಿನ ಮಾಡೆಲ್ ತಗೊಂಡು ಅರ್ಜುನಪ್ಪನ ಮನೆಗೆ ನಾನೇ ಹೋಗ್ತೀನಿ ಅಂದೆ. ಅಪ್ಪ ಪೇಪರ್ ಇಳಿಸ್ಲೇ ಇಲ್ಲ. "ಗಂಡುಡುಗ್ರು ಸೇರೋ ಕಡೆ ನಿನಗೇನು ಕೆಲಸ? ಸಿದ್ದು ತಗೊಂಡು ಹೋಗ್ತಾನೆ."

ಸಿದ್ದು ಏನಂದ ಗೊತ್ತಾ? "ನಾನೇ ಮಾಡ್ದೆ ಅಂದ್ಬಿಡ್ಲಾ ರುದ್ರಿ? ಆಗ ಚಕ್ರಪಾಣಿ ಆಡ್ಕೊಳ್ಳಲ್ಲ."

ಕರಟ ಉಜ್ಜೋ ಉಪ್ಪುಕಾಗದ ಮುಖಕ್ಕೆ ಎಸೆದೆ. ಅಣ್ಣ ಅಂತೆ ಅಣ್ಣ.

೭ ಅಕ್ಟೋಬರ್, ಭಾನುವಾರ

ಬೊಂಬೆ ಕೂರಿಸಿದ್ರು. ನನ್ನ ಟ್ಯಾಂಕು ಮೂರನೇ ಮೆಟ್ಟಿಲ ಮೇಲೆ, ಪಟ್ಟದ ಬೊಂಬೆಗಳ ಕೆಳಗೆ, ಅಂಗಡಿ ಇಟ್ಟ ಶೆಟ್ಟಿ ಬೊಂಬೆ ಪಕ್ಕ. ಅಜ್ಜಿ ಕೆಲಸ. ಬೇಡ ಅಂದ್ರೆ ಕೇಳಲ್ಲ.

ಪಕ್ಕದ ಮನೆ ತ್ರಿಪುರಸುಂದರಮ್ಮ: "ಎಷ್ಟು ಚೆನ್ನಾಗಿದೆ ತೇರು! ಕಲಶ ಇಡೋದು ಮರೆತಿದೀಯಲ್ಲೇ ಮಗು."

ತೇರಂತೆ. ಕಲಶವಂತೆ.

೧೪ ಅಕ್ಟೋಬರ್, ಆಯುಧಪೂಜೆ, ಬೆಳಗ್ಗೆ ೧೧

ಬರೆಯೋಕಾಗ್ತಿಲ್ಲ.

ಸ್ನಾನ ಮಾಡಿ ಬಂದು ನೋಡ್ತೀನಿ — ದೇವರ ಮುಂದೆ ಅಪ್ಪನ ತಕ್ಕಡಿ, ಗಜಕಡ್ಡಿ, ಕತ್ತರಿ. ಪಕ್ಕದಲ್ಲಿ ನನ್ನ ಗರಗಸ, ಚಾಕು, ಬ್ರಷ್ಷು. ಮಧ್ಯದಲ್ಲಿ ಟ್ಯಾಂಕು. ತೊಳೆದಿದಾರೆ. ತೊಳೆದಿದಾರೆ! ತಂಬಿಗೆ ನೀರಲ್ಲಿ! ಕರಟದ ಮೇಲೆ ಒದ್ದೆ ವಿಭೂತಿ ಮೂರು ಪಟ್ಟೆ, ಕುಂಕುಮ, ಫಿರಂಗಿಗೆ ಚೆಂಡುಹೂ. ಬಣ್ಣ ಎಲ್ಲ ಇಳಿದು ಮಣೆ ಮೇಲೆ ಹಸಿರು ಕೊಚ್ಚೆ. ಎಡಗಡೆ ಚಕ್ರ ಒಂದೂ ಇಲ್ಲ. ನಿಂಬೆಹಣ್ಣಿನ ಜೊತೆ ಉರುಳಾಡ್ತಿದ್ವು. ಪಟ್ಟಿ ಬಿಚ್ಚಿ ಬಿದ್ದಿದೆ.

ಕಿರುಚಿದೆ. ಚಾಕು ತಗೊಳ್ಳೋಕೆ ಹೋದೆ. ಅಪ್ಪ ಕೈ ಹಿಡಿದ್ರು. "ಪೂಜೆಗಿಟ್ಟಿದ್ದು. ನಾಳೆ ಮರುಪೂಜೆ ಆಗೋವರೆಗೂ ಮುಟ್ಟಂಗಿಲ್ಲ."

"ನಾಳೆ ಹತ್ತು ಗಂಟೆಗೆ ಬೇಕು ಅಪ್ಪಾ!"

"ಒಂಬತ್ತಕ್ಕೆ ಪೂಜೆ. ಆಮೇಲೆ ಮಾಡ್ಕೋ."

ಒಂದು ಗಂಟೇಲಿ ಆರು ಚಕ್ರ! ಅಂಟು ಒಣಗೋಕೇ ಮೂರು ಗಂಟೆ ಬೇಕು.

ಅದೇ ದಿನ, ಮಧ್ಯಾಹ್ನ ೪

ಊಟ ಮಾಡಿಲ್ಲ. ಹೋಳಿಗೆ ವಾಸನೆ ಬರ್ತಿದೆ, ಬರ್ಲಿ.

ಅಜ್ಜಿ ಬಂದು ಪಕ್ಕ ಕೂತ್ರು. ನಾನು ಗೋಡೆ ಕಡೆ ತಿರುಗಿದೆ.

"ಯಾಕಜ್ಜೀ ತೊಳೆದ್ರಿ? ನಿಮ್ಮನ್ನ ಯಾರು ಕೇಳಿದ್ರು?"

"ಕೇಳೋದೇನು? ನಲವತ್ತು ವರ್ಷದಿಂದ ಈ ಮನೇಲಿ ತಕ್ಕಡಿಗೇ ಆಯುಧಪೂಜೆ. ತಕ್ಕಡಿ ಆಯುಧವೇನೇ? ಮೊದಲನೇ ಸಲ ಮನೇಲೊಂದು ನಿಜವಾದ ಆಯುಧ ಆಯ್ತು ಅಂತ ಮುಂದೆ ಇಟ್ಟೆ. ಕೊಳೆ ಸಮೇತ ಕೂರಿಸೋದೇ, ತೊಳೀದೆ?"

ಬೈಯೋಕೆ ಬಾಯಿ ತೆಗೆದೆ, ಅಳು ಬಂತು. ಅದಕ್ಕೆ ಇನ್ನೂ ಕೋಪ ಬಂತು. "ಆ ವಜ್ರದ ಅಂಟು ಹಾಕಿದ್ರೆ ಒಂದು ತಂಬಿಗೆ ನೀರಿಗೆ ಇಷ್ಟು ಬೇಗ ಬಿಡ್ತಿರ್ಲಿಲ್ಲ. ನೀವೇ ಬಿಡಲಿಲ್ಲ. ಈಗ ನೀವೇ ನೀರು ಹುಯ್ದ್ರಿ. ಆ ಚಕ್ರಪಾಣಿ ಬುಕ್ಕಿಂದ ನನ್ನ ಹೆಸರು ಹೊಡೆದು ಹಾಕ್ತಾನೆ."

"ಯಾವ ಪುಸ್ತಕದಿಂದ?"

ಎಲ್ಲ ಹೇಳ್ದೆ. ಬುಕ್ಕು, ಬಾಜಿ, ರಂಗೋಲಿ ಚುಕ್ಕಿ. ಅಜ್ಜಿ ಎಲ್ಲ ಕೇಳಿಸ್ಕೊಂಡ್ರು. ಆಮೇಲೆ, "ಆ ಅರ್ಜುನಪ್ಪ ಯಾರ ಮನೆ ಹುಡುಗ?" ಅಂದ್ರು. ಅಷ್ಟೇ. ಎದ್ದು ಹೋದ್ರು.

೧೫ ಅಕ್ಟೋಬರ್, ವಿಜಯದಶಮಿ, ಬೆಳಗ್ಗೆ ೮

ಬೆಳಕು ಹರಿಯೋ ಹೊತ್ತಿಗೆ ಅಜ್ಜಿ ತಣ್ಣೀರು ಹುಯ್ಕೊಂಡು ತಾವೇ ಮರುಪೂಜೆ ಮುಗಿಸ್ಬಿಟ್ಟಿದಾರೆ. ಅಪ್ಪ ಇನ್ನೂ ಹಲ್ಲುಜ್ಜಿರ್ಲಿಲ್ಲ. ಟ್ಯಾಂಕು, ಚಾಕು ತಂದು ನನ್ನ ಹಾಸಿಗೆ ಮೇಲಿಟ್ರು. "ಪೂಜೆ ಕದಲಿಸಿದೀನಿ. ತಗೋ."

ಅಂಟು ಹಾಕಿ ಬಿಸಿಲಿಗಿಟ್ಟು ಬಟ್ಟೆ ಕಟ್ಟಿ ಒತ್ತಿ ಹಿಡಿದೆ. ನಾಲ್ಕು ಚಕ್ರ ನಿಂತ್ವು. ಎರಡು ನಿಲ್ತಿಲ್ಲ. ಬಣ್ಣ ಬಳಿಯೋಕೆ ಟೈಮಿಲ್ಲ. ವಿಭೂತಿ ಒರೆಸೋಕೆ ಹೋದೆ, ಅಜ್ಜಿ ಕೈ ಮೇಲೆ ಹೊಡೆದ್ರು.

ಈಗ ಅಜ್ಜಿ ಅಪ್ಪನ ಜೊತೆ ಆಡೋ ಮಾತು ಕೇಳಿಸ್ತಿದೆ.

"ಚಿಕ್ಕಮುನಿಯಮ್ಮನ ಮನೆಗೆ ಬನ್ನಿ ಕೊಟ್ಟು ಬರ್ತೀನಿ. ವರ್ಷವೆಲ್ಲ ನಮಗೆ ಸೊಪ್ಪು ತರಕಾರಿ ಹಾಕ್ತಾಳೆ. ಅವಳ ಮೊಮ್ಮಗನಂತೆ ಆ ಅರ್ಜುನಪ್ಪ."

"ಬನ್ನಿ ಕೊಡೋದು ಸಂಜೆ ಅಲ್ವೇನಮ್ಮಾ?"

"ಸಂಜೆ ನನಗೆ ಕಣ್ಣು ಕಾಣಲ್ಲ. ರುದ್ರಿ ಕೈ ಹಿಡ್ಕೊಂಡು ಬರ್ತಾಳೆ. ಜಟಕಾ ಕರೆಸು."

ಅದೇ ದಿನ, ಸಂಜೆ

ನಡೆದದ್ದು ನಡೆದಂಗೆ ಬರೀತೀನಿ.

ಅರ್ಜುನಪ್ಪನ ಮನೆ ಜಗಲಿ. ಚಿಕ್ಕಮುನಿಯಮ್ಮ ಅಜ್ಜೀನ ಒಳಗೆ ಕರೆದ್ರು, ಅಜ್ಜಿ ಕದಲಲಿಲ್ಲ. ಚಾಪೆ ಮೇಲೆ ಚಕ್ರಪಾಣಿ ಮಾಡೆಲ್ಲು — ಗಿಳಿಹಸಿರು, ಥಳಥಳ, ಸೈಕಲ್ ಟ್ಯೂಬಿನ ಪಟ್ಟಿ. ಐದು ಚಕ್ರ. ಪಕ್ಕದಲ್ಲಿ ನನ್ನದು, ವಿಭೂತಿ ಬಳ್ಕೊಂಡು ಮಠದ ಸ್ವಾಮಿ ಥರ.

ಚಕ್ರಪಾಣಿ ಸುತ್ತು ಹೊಡೆದು ನೋಡ್ದ. ಸಣಕಲ. ಕನ್ನಡಕ. ಇವನಿಗಾ ನಾನು ಇಷ್ಟು ದಿನ ಉರ್ಕೊಂಡಿದ್ದು? "ಎಡಗಡೆ ನಾಲ್ಕು, ಬಲಗಡೆ ಆರು. ಸರಾಸರಿ ಐದು! ಸೋತಿಲ್ಲ ಬಿಡಿ, ನೀವೂ ನನ್ನ ಕಡೇನೇ."

ಎಲ್ಲರೂ ನಕ್ರು. ನಮ್ಮಣ್ಣನೂ ನಕ್ಕ! ಆಮೇಲೆ, "ಇದು ನಾನೂ ಸ್ವಲ್ಪ..." ಅಂತ ಶುರು ಮಾಡ್ದ.

"ನೀನೇನು ಮಾಡ್ದೆಯೋ? ಹೋಳಿಗೆ ತಿಂದೆ" ಅಂದ್ರು ಅಜ್ಜಿ.

ಮುನಿಗಂಗಪ್ಪನವರು ಬನೀನಲ್ಲೇ ಬಂದು ಕುಕ್ಕರಗಾಲಲ್ಲಿ ಕೂತ್ರು. ಮೊಣಕೈವರೆಗೂ ಸುಟ್ಟ ಕಲೆ. ಚಕ್ರಪಾಣೀದು ಎತ್ತಿ ನೋಡಿ ಕೆಳಗಿಟ್ರು. ನನ್ನದು ಎತ್ತಿದ್ರು. ಬಲಗಡೆ ಚಕ್ರ ಒಂದೊಂದೇ ಹೆಬ್ಬೆರಳಲ್ಲಿ ತಿರುಗಿಸಿದ್ರು.

"ಆರು. ಅದ್ರಾಗೇನೂ ಮಾತಿಲ್ಲ. ಎಷ್ಟು ಬಿಚ್ಚಿದೀನೋ ಲೆಕ್ಕ ಇಲ್ಲ." ಬಿಟ್ಟುಹೋದ ಎಡಗಡೆ ಪಟ್ಟಿ ಮುಟ್ಟಿ, "ಪಟ್ಟಿ ಬಿಚ್ಕೊಂಡು ಹಿಂಗೇ ಬರ್ತಿದ್ವು ನಮ್ತಾವ, ರಿಪೇರಿಗೆ" ಅಂದ್ರು.

ಗೆದ್ದೆ! ಕೂಗ್ಬೇಕು ಅನ್ನಿಸ್ತು. ಅಷ್ಟರಲ್ಲಿ ಅವರು ಕರಟದ ತಲೆ ಮೇಲೆ ಬೆರಳಿಟ್ಟು ತಡಕಿದ್ರು.

"ಮುಚ್ಚಳ ಎಲ್ಲವ್ವಾ?"

"ಯಾವ ಮುಚ್ಚಳ?"

"ಒಳಗಿರೋರು ಆಚೆ ಬರೋದೆಂಗೆ?"

"ನಾನು ಬೇಲಿ ಹತ್ರ, ಕೆಳಗಿಂದ ನೋಡಿದ್ದು. ಮೇಲ್ಗಡೆ ಕಾಣಲಿಲ್ಲ."

"ಹೂಂ. ಕೆಳಗಿನಿಂದ ಕಾಣಕ್ಕಿಲ್ಲ." ಕೈ ತೆಗೀಲಿಲ್ಲ ಅವರು. ಚಕ್ರಪಾಣೀದಕ್ಕೆ ಪೇಂಟಲ್ಲಿ ಬರೆದ ಮುಚ್ಚಳ ಇತ್ತು, ತೆಗೆಯೋಕೆ ಬರಲ್ಲ. ಅದನ್ನೂ ನೋಡಿದ್ರು. "ಚಕ್ರ ಎಷ್ಟಾದ್ರೂ ಇರ್ಲಿ ಮಕ್ಕಳಾ. ಮೊದಲು ಅದು ಮಾಡಿ." ಎದ್ದು ಒಳಗೆ ಹೋದ್ರು. ಚಕ್ರಪಾಣಿ ಕೂಡ ನಗಲಿಲ್ಲ.

ಅರ್ಜುನಪ್ಪ ಬುಕ್ ನನ್ನ ಕೈಗೆ ಕೊಟ್ಟ, ಸೋತವನ ಹೆಸರು ಹೊಡೀರಿ ಅಂತ. ಚಕ್ರಪಾಣಿ ತಲೆ ಬಗ್ಗಿಸಿ ನಿಂತಿದ್ದ. ಅಜ್ಜಿ ಅವನ ಕೈಗೆ ಬನ್ನಿ ಎಲೆ ಇಟ್ಟು, "ಬಂಗಾರದಂಗಿರಪ್ಪ" ಅಂದ್ಬಿಟ್ರು. ಹೊಡೆಯೋ ಕೈ ಎಲ್ಲಿಂದ ಬರಬೇಕು? ಹಬ್ಬ ಕಂಡುಹಿಡಿದವರನ್ನ ಬೈಕೊಂಡೆ. ಅವನ ಐದರ ಕೆಳಗೆ "ಆರು" ಅಂತ ಬರೆದು ಸೈನ್ ಹಾಕ್ದೆ. ಆರ್. ಅಂತಲ್ಲ. ರುದ್ರಾಣಿ. ಪೂರ್ತಿ.

೧೭ ಅಕ್ಟೋಬರ್, ಬುಧವಾರ

ಅಣ್ಣ ಬುಕ್ ತಂದು ಹಜಾರದಲ್ಲೇ ಬಿಟ್ಟಿದಾನೆ, ಕತ್ತೆ. ಅಪ್ಪ ಓದಿದ್ರು. "ಗಂಡುಡುಗ್ರ ಬುಕ್ಕಲ್ಲಿ ನನ್ನ ಮಗಳ ಹೆಸರು! ಊರೆಲ್ಲ ಓದ್ಲಿ ಅಂತಲಾ?" ಇನ್ಮೇಲೆ ಸಿದ್ದು ಅದನ್ನ ಮನೆಗೆ ತರಂಗಿಲ್ಲ. ಆಗ್ಲೇ ಅರ್ಜುನಪ್ಪನ ಮನೆಗೆ ವಾಪಸ್ ಕಳಿಸಿದ್ರು. ಚಕ್ರಪಾಣಿ ಏನು ಉತ್ತರ ಬರೆದಿದಾನೆ ಅಂತಾನೂ ನೋಡೋಕೆ ಬಿಡಲಿಲ್ಲ. ಚಕ್ರಪಾಣಿ ಕೈಲಿ ಆಗದ್ದನ್ನ ಅಪ್ಪ ಮಾಡಿದ್ರು — ಆರ್. ಅಂತ ಇದ್ದಾಗ ಯಾರಿಗೂ ತೊಂದರೆ ಇರ್ಲಿಲ್ಲ!

ಬಾಗಿಲು ದಡಾರ್ ಅಂತ ಹಾಕ್ದೆ. ಅಜ್ಜಿ ಅರ್ಧ ತೆರೆದು, "ಸಿದ್ದು ತರಬೇಡ ಅಂದಿದಾನೆ ನಿಮ್ಮಪ್ಪ. ಸೊಪ್ಪಿನ ಬುಟ್ಟಿಗೆ ಏನೂ ಅಂದಿಲ್ಲ" ಅಂದು ಹೋದ್ರು. ಆಗ ತಲೆಗೆ ಹತ್ತಲಿಲ್ಲ.

ಕೋಪ ಇಳಿದಿಲ್ಲ. ಇಳಿಯೋದೂ ಬೇಡ. ಕರಟದ ಮೇಲೆ ಗುಂಡಗೆ ಗೆರೆ ಎಳೆದು ಕುಯ್ತಿದೀನಿ. ಮುಕ್ಕಾಲು ಸುತ್ತು ಆಗಿದೆ. ಮುಚ್ಚಳದ ಕೀಲಿಗೆ ಅಮ್ಮನ ಹಳೇ ಪೆಟ್ಟಿಗೇದು ಸಾಲುತ್ತೆ. ಒಳಗಿಂದ ತಳ್ಳಿದ್ರೆ ತೆರ್ಕೋಬೇಕು, ಆಚೆಯಿಂದ ಅಲ್ಲ. ಅದಕ್ಕೆ ಕೀಲು ಯಾವ ಕಡೆ ಅಂತ ಮುನಿಗಂಗಪ್ಪನವರಿಗೆ ಒಂದು ಕಾಗದ ಬರೆದಿದೀನಿ, ಅವರ ಮನೆಯವರು ಬರ್ಮಾಕ್ಕೆ ಕಳಿಸ್ಲಿ ಅಂತ ಸಣ್ಣಗೆ ಮಡಚಿ

ಚಿಕ್ಕಮುನಿಯಮ್ಮ. ಬೀದೀಲಿ, "ಸೊಪ್ಪೋ..." ಅಂತ. ಅಜ್ಜಿ ಆಗ್ಲೇ ಬಾಗಿಲಲ್ಲಿ. ಬುಟ್ಟಿ ತಳದಲ್ಲಿ, ದಂಟಿನ ಕೆಳಗೆ ಏನೋ ನೀಲಿ ರಟ್ಟು—