ಮೂರು ಕಾಲಿನ ಜಡೆ

ಇವಳೇ,

ಇದನ್ನು ಕಳಿಸಲು ನಿನಗೊಂದು ವಿಳಾಸವಿಲ್ಲ. ಆದರೂ ಹೇಳದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ನೀನು ಹೋದ ಮೇಲೆ ಮಗಳು ಡಬ್ಬಿ ಮುಚ್ಚಳ ಒತ್ತುವ ಕಾರ್ಖಾನೆಗೆ ಸೇರಿದಳು. ಅಲ್ಲಿನ ಪ್ರೆಸ್ಸಿಗೆ ಎರಡು ಬಟನ್. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅದು ಕೆಳಗಿಳಿಯಬೇಕು. ಯಾವ ಕೈಯೂ ಒಳಗಿರಬಾರದೆಂದೇ ಆ ಏರ್ಪಾಡು. ಕೆಲಸ ಬೇಗ ಸಾಗಲೆಂದು ಎಲ್ಲರೂ ಒಂದು ಬಟನ್ ಒತ್ತಿಕೊಂಡೇ ಇರುವಂತೆ ಅದಕ್ಕೆ ಮರದ ಚಕ್ಕೆ ಸಿಕ್ಕಿಸುತ್ತಾರೆ. ನಮ್ಮವಳೂ ಸಿಕ್ಕಿಸಿದ್ದಳು. ಬಲಗೈಯ ಎರಡು ಬೆರಳು ಹೋದವು.

ಅಂದಿನಿಂದ ಅವಳ ಜಡೆ ನನ್ನ ಪಾಲಿಗೆ ಬಂತು. ನೀನು ಹೆಣೆಯುವಾಗ ನಾನು ಒಮ್ಮೆಯಾದರೂ ಪೇಪರಿನಿಂದ ತಲೆಯೆತ್ತಿ ನೋಡಬೇಕಿತ್ತು.

ಇವತ್ತು ಮತ್ತೆ ಕೆಲಸಕ್ಕೆ ಹೊರಟಳು. ನಾನು ಬಾಚಣಿಗೆ ಹಿಡಿದು ನಿಂತೆ.

“ಬೇಡಪ್ಪಾ, ನೀನು ಹಾಕಿದ ಜಡೆ ಗೇಟ್ ತನಕಾನೂ ನಿಲ್ಲಲ್ಲ. ಮಿಷಿನ್ ಹತ್ರ ಬಿಚ್ಕೊಂಡ್ರೆ ತಲೇನೂ ಕೊಡಬೇಕಾಗುತ್ತೆ.”

“ಕೈ ನೋಯಲ್ವೇನೇ?”

“ಜಡೆಗಿರೋದೇ ಮೂರು ಕಾಲು. ನಂಗೂ ಮೂರು ಬೆರಳಿದೆ, ಸಾಕು.”

ತಾನೇ ಹೆಣೆದಳು. ಬಿಚ್ಚಿಕೊಂಡಿತು, ಮತ್ತೆ ಹೆಣೆದಳು, ಕೊನೆಗೆ ನಿಂತಿತು. ನಾನು ಬರೀ ಕನ್ನಡಿ ಹಿಡಿದೆ. ಅವಳ ಈ ಹಟಕ್ಕೆ ‘ಪ್ರೆಸೆನ್ಸ್ ಆಫ್ ಮೈಂಡ್’ ಎಂಬ ಹೆಸರನ್ನು ಕಾಲೇಜಿನಲ್ಲಿ ಕಲಿತ ನೆನಪು. ಅದು ಬೇರೆ ಯಾವುದಕ್ಕೋ ಇರಬೇಕು, ನೀನು ಕೇಳಿದ್ದರೆ ನಗುತ್ತಿದ್ದೆ.

ಸಂಜೆ ಬಂದಾಗ ಜಡೆ ಹಾಗೇ ಇತ್ತು. ಬ್ಯಾಗಿನಿಂದ ಒಂದು ಹಿಡಿ ಚಕ್ಕೆ ತೆಗೆದು ಮೇಜಿನ ಮೇಲೆ ಸುರಿದಳು. ಇಡೀ ಸಾಲಿನ ಮಿಷಿನ್ನುಗಳದ್ದು.

“ಯಾರೂ ಬೈಲಿಲ್ವಾ?”

“ಬೈದ್ರು. ಕೈ ತೋರಿಸ್ದೆ. ಆಮೇಲೆ ಅವರೇ ಕಿತ್ತು ಕೊಟ್ರು.”

ಅವನ್ನೇ ಒಲೆಗೆ ಹಾಕಿ ಅವಳ ಕೈ ಅದ್ದಲು ನೀರು ಕಾಯಿಸಿದೆ. ಚೆನ್ನಾಗಿ ಉರಿದವು.